ತಟ್ಟೆ ಬಡಿದು ಕಿವಿ ನೋಡಿದ್ದು

ಹೋದ ಭಾನುವಾರ ನಮ್ಮ ಮೇಲಿನ ಮನೆಯವರು ಮಗೂನ ತೊಟ್ಟಿಲಿಗೆ ಹಾಕಿದ್ರು. ಚಿಕ್ಕಪೇಟೆ ಓಣಿ ನಿಮಗೆಲ್ಲಾ ಗೊತ್ತೇ ಇದೆ. ಕೆಳಗೆ ಸೀರೆ ಅಂಗಡಿ, ಮೇಲೆ ಎರಡು ಸಂಸಾರ, ಮೆಟ್ಟಿಲಲ್ಲಿ ಇಬ್ಬರು ಎದುರಾದ್ರೆ ಒಬ್ರು ಹಿಂದಕ್ಕೆ ಇಳೀಬೇಕು. ಅಂಥಾ ಮನೇಲಿ ನಲವತ್ತು ಜನ. ಆರತಿ ಆಯ್ತು, ಹೆಸರಿಟ್ಟಿದ್ದಾಯ್ತು, ಕೋಸಂಬರಿ ಹಂಚಿದ್ದೂ ಆಯ್ತು. ಆಮೇಲೆ ಆ ಮನೆ ಅಜ್ಜಿ ಒಂದು ಹಿತ್ತಾಳೆ ತಟ್ಟೆ ತಗೊಂಡು, ತೊಟ್ಟಿಲ ತಲೆ ಹತ್ರ ನಿಂತು, ಸೌಟಿನಲ್ಲಿ ಢಣ್ ಅಂತ ಒಂದು ಬಿಟ್ರು. ಮಗು ಬೆಚ್ಚಿಬಿದ್ದು ಕೈಕಾಲು ಅಗಲಿಸ್ತು. "ನೋಡಿದ್ರಾ, ಕಿವಿ ಚೆನ್ನಾಗಿದೆ" ಅಂತ ಅಜ್ಜಿ ನಕ್ರು, ಎಲ್ರೂ ನಕ್ರು.

ನಂಗೆ ನಗೋಕೆ ಆಗ್ಲಿಲ್ಲ. ಬಾಣಂತಿ ಹುಡುಗಿ ಅದನ್ನ ನೋಡಿದಾಳೆ ಅಂತ ಕಾಣುತ್ತೆ, ಎಲ್ರೂ ಊಟಕ್ಕೆ ಕೂತಾಗ ನನ್ನನ್ನ ಒಳಕೋಣೆಗೆ ಕರೆದು ಕೇಳಿದ್ಲು. "ಆಂಟಿ, ಆಸ್ಪತ್ರೇಲಿ ಮಗೂಗೆ ಕಿವಿ ಟೆಸ್ಟ್ ಮಾಡಿಸಿ ಅಂತ ಚೀಟಿ ಕೊಟ್ಟಿದ್ರು. ಮನೇಲಿ ಅತ್ತೆ ಬೇಡ ಅಂತಿದಾರೆ, ತಟ್ಟೆ ಶಬ್ದಕ್ಕೆ ಬೆಚ್ಚುತ್ತಲ್ಲ ಸಾಕು ಅಂತ. ಸಾಕಾ?"

ಅವಳಿಗೆ ಅಲ್ಲೇ ಎರಡು ಮಾತು ಹೇಳ್ದೆ. ಪೂರ್ತಿ ಹೇಳೋಕೆ ಆವತ್ತು ಆಗ್ಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ. ಅವಳೊಬ್ಬಳಿಗೇ ಅಲ್ಲ, ಈಗ ಮನೇಲಿ ಮೊಮ್ಮಕ್ಕಳಿರೋ ನಿಮಗೆಲ್ಲರಿಗೂ.

ನಮ್ಮ ಚಿಕ್ಕಮ್ಮನ ಮಗನ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಪುಟ್ಟ ಅಂತ ಕರೀತಿದ್ವಿ. 1972ರಲ್ಲಿ ಇದೇ ಪೇಟೆ ಮನೇಲಿ ಬಾಣಂತನ. ನಮ್ಮಜ್ಜಿಯೂ ಹೀಗೇ ತಟ್ಟೆ ಬಡಿದು ನೋಡಿದ್ರು, ಅವನೂ ಬೆಚ್ಚಿದ್ದ. ಐದಾರು ತಿಂಗಳಿಗೆ ಹಿಂದಿನಿಂದ ಬಡಿದಾಗ ತಿರುಗಿಯೂ ನೋಡಿದ. ಮನೆ ಮಂದಿಗೆಲ್ಲಾ ಸಮಾಧಾನ. ಚಿಕ್ಕಮ್ಮನಿಗೆ ಮಾತ್ರ ಒಳಗೊಳಗೇ ಅನುಮಾನ. ಬಾಗಿಲು ಧಡ್ ಅಂದ್ರೆ ತಿರುಗ್ತಾನೆ, ಹೆಸರು ಹಿಡಿದು ಕೂಗಿದ್ರೆ ಇಲ್ಲ. ದೀಪಾವಳಿ ಪಟಾಕಿಗೆ ಅಳ್ತಾನೆ, ಕಾಲ್ಗೆಜ್ಜೆ ಸದ್ದಿಗೆ ಇಲ್ಲ. ಒಂದು ವರ್ಷ ಆಯ್ತು, ಅಮ್ಮ ಅನ್ಲಿಲ್ಲ. "ಗಂಡು ಮಗು ಕಣೆ, ಮಾತು ತಡ" ಅಂದ್ರು ಎಲ್ರೂ. ಒಬ್ರು ಡಾಕ್ಟ್ರೂ ಅದನ್ನೇ ಅಂದ್ರು. ಯಾರೋ ನಾಲಿಗೆಗೆ ಬಜೆ ತೇಯ್ದು ಹಚ್ಚಿ ಅಂದ್ರು, ಹಚ್ಚಿದ್ದಾಯ್ತು. ಮೂರು ವರ್ಷ ತುಂಬಿದ ಮೇಲೆ, ಚಿಕ್ಕಮ್ಮ ಯಾರ ಮಾತೂ ಕೇಳದೆ ಮಗೂನ ಎತ್ಕೊಂಡು ಮೈಸೂರು ರೈಲು ಹತ್ತಿದ್ರು.

ಮೈಸೂರಲ್ಲಿ ಮಾನಸಗಂಗೋತ್ರಿ ಹತ್ರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಊರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅಂತಾರೆ, ಅಲ್ಲಿಗೆ. 1960ರ ದಶಕದಲ್ಲಿ ಶುರುವಾದ ಸಂಸ್ಥೆ. ನಮ್ಮ ಕನ್ನಡದ ನಾಟಕಕಾರ ನ. ರತ್ನ ಅಲ್ಲಿ ನಿರ್ದೇಶಕರಾಗಿದ್ದವರು. ಸಮತೆಂತೋ ತಂಡ, 'ಎಲ್ಲಿಗೆ' ನಾಟಕ ಅಂದ್ರೆ ಹಳಬರಿಗೆ ನೆನಪಾಗುತ್ತೆ. ಅಲ್ಲಿ ಪುಟ್ಟನ್ನ ನೋಡಿದ ರೀತೀನ ಚಿಕ್ಕಮ್ಮ ಎಷ್ಟು ಸಲ ಹೇಳಿದಾರೋ ಲೆಕ್ಕ ಇಲ್ಲ. ತೊಡೆ ಮೇಲೆ ಕೂರಿಸ್ಕೊಳ್ಳಿ ಅಂದ್ರಂತೆ. ಎದುರಿಗೆ ಒಬ್ಬ ಹುಡುಗಿ ಒಂದು ಆಟದ ಸಾಮಾನು ಹಿಡಿದು ಕೂತ್ಲಂತೆ. ಇನ್ನೊಬ್ಬಳು ಹಿಂದೆ, ಸದ್ದಿಲ್ದೆ. "ನೀವು ಏನೂ ಮಾಡ್ಬೇಡಿ ಅಮ್ಮ, ಉಸಿರೂ ಬಿಗಿಹಿಡೀಬೇಡಿ" ಅಂದ್ರಂತೆ. ಗಿಲಕಿ, ಚಮಚ, ಕಾಗದದ ಸದ್ದು ಒಂದೊಂದಾಗಿ ಬಂತು. ಪುಟ್ಟ ಆಟದ ಸಾಮಾನನ್ನೇ ನೋಡ್ತಾ ಕೂತಿದ್ದ. "ನನ್ನ ತೊಡೆಗೇ ಗೊತ್ತಾಯ್ತು ಕಣೇ, ಅವನ ಮೈ ಒಂಚೂರೂ ಅಲುಗ್ಲಿಲ್ಲ" ಅಂತಿದ್ರು ಚಿಕ್ಕಮ್ಮ.

ಹಾಗಾದ್ರೆ ನಮ್ಮಜ್ಜಿ ತಟ್ಟೆಗೆ ತಿರುಗಿದ್ದು ಹೇಗೆ? ಆಮೇಲೆ ಯೋಚನೆ ಮಾಡಿದ್ರೆ ಎಲ್ಲಾ ಹೊಳೆಯುತ್ತೆ. ನಮ್ಮದು ಹಳೇ ಮನೆ, ಮೇಲಂತಸ್ತಿಗೆ ಮರದ ಹಲಗೆ ನೆಲ. ಬಾಗಿಲು ಬಡಿದ್ರೆ ಹಲಗೆ ನಡುಗುತ್ತೆ, ಅದು ಮಗೂನ ಬೆನ್ನಿಗೆ ಗೊತ್ತಾಗುತ್ತೆ. ಅಜ್ಜಿ ಹಿಂದೆ ನಿಂತಿದ್ರೂ ಕಿಟಕಿ ಅವರ ಬೆನ್ನ ಹಿಂದೆ ಇತ್ತು, ಕೈ ಎತ್ತಿದ್ರೆ ನೆರಳು ಮುಂದೆ ಬೀಳ್ತಿತ್ತು. ಎದುರಿಗೆ ನಿಂತ ನಾವು ಮಕ್ಕಳೆಲ್ಲಾ ಅಜ್ಜಿ ಕಡೆಗೇ ನೋಡ್ತಿದ್ವಿ. ಮಗು ನಮ್ಮ ಕಣ್ಣು ನೋಡಿ ತಿರುಗಿರ್ಬೇಕು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಪುಟ್ಟನಿಗೆ ಪೂರ್ತಿ ಕಿವುಡಿರ್ಲಿಲ್ಲ. ದಪ್ಪ ಸದ್ದು, ಜೋರು ಸದ್ದು ಸ್ವಲ್ಪ ಸಿಗ್ತಿತ್ತು, ಮಾತಿನ ಸಣ್ಣ ಸದ್ದು ಸಿಗ್ತಿರ್ಲಿಲ್ಲ. ಹಿತ್ತಾಳೆ ತಟ್ಟೆ ಅಂದ್ರೆ ಗುಂಡಿಗೆ ನಡುಗಿಸೋ ಸದ್ದು. ಅದು ಕೇಳಿಸ್ತು ಅಂದ್ರೆ ಸ, ಶ, ತ, ಕ ಕೇಳಿಸುತ್ತೆ ಅಂತೇನೂ ಅಲ್ಲ.

ಮೈಸೂರಲ್ಲಿ ಮಾಡಿದ ಆ ಪರೀಕ್ಷೆಗೆ ಒಂದು ಚರಿತ್ರೆ ಇದೆ. ನಾನು ಅದನ್ನ ಓದೋಕೆ ಹಿಡಿದಿದ್ದು ಪುಟ್ಟನಿಂದಾನೇ. ಓದ್ತಾ ಓದ್ತಾ ಗೊತ್ತಾಗಿದ್ದು, ಇಡೀ ಚರಿತ್ರೆ ಒಂದೇ ತೊಂದರೆ ಸುತ್ತ ತಿರುಗುತ್ತೆ. ಮಾತು ಬಾರದ ಕೂಸನ್ನ ಪ್ರಶ್ನೆ ಕೇಳೋದು ಹೇಗೆ, ಅದು ಕೊಟ್ಟ ಉತ್ತರ ಅದರದ್ದೇ, ನಮ್ಮದಲ್ಲ ಅಂತ ನಂಬೋದು ಹೇಗೆ?

ಮೊದಮೊದಲು ಬರೆದಿಟ್ಟವರಲ್ಲಿ ಒಬ್ರು ಡಾರ್ವಿನ್. ಮಂಗನಿಂದ ಮಾನವ ಅಂತ ಶಾಲೇಲಿ ಓದಿದ್ವಲ್ಲ, ಅದೇ ಡಾರ್ವಿನ್ ಸಾಹೇಬ್ರು. 1839ರ ಡಿಸೆಂಬರಲ್ಲಿ ಅವರಿಗೆ ಮೊದಲ ಮಗ ಹುಟ್ಟಿದ. ಮಗು ಏನೇನು ಮಾಡ್ತು ಅಂತ ದಿನ ಎಣಿಸಿ ಬರೆದಿಟ್ಕೊಂಡ್ರು, ಮೂವತ್ತೇಳು ವರ್ಷ ಬಿಟ್ಟು 1877ರಲ್ಲಿ ಅಚ್ಚು ಹಾಕಿಸಿದ್ರು. ಅರವತ್ತಾರನೇ ದಿನ ಅಪ್ಪ ಸೀನಿದ್ದಕ್ಕೆ ಮಗು ಬೆಚ್ಚಿ, ಹುಬ್ಬು ಗಂಟಿಕ್ಕಿ, ಅತ್ತುಬಿಡ್ತು, ಆಮೇಲೆ ಒಂದು ಗಂಟೆ ಹೊತ್ತು ಸಣ್ಣ ಸದ್ದಿಗೂ ಬೆಚ್ತಿತ್ತು ಅಂತ ಬರೆದಿದಾರೆ. ನೂರ ಇಪ್ಪತ್ನಾಲ್ಕನೇ ದಿನಕ್ಕೂ ಸದ್ದು ಯಾವ ಕಡೆಯಿಂದ ಬಂತು ಅಂತ ಅದಕ್ಕೆ ಸುಲಭವಾಗಿ ಗೊತ್ತಾಗ್ತಿರ್ಲಿಲ್ಲವಂತೆ. ನಮ್ಮಜ್ಜಿಯೂ ಇದನ್ನೆಲ್ಲಾ ನೋಡಿದ್ರು, ಬರೆದಿಡ್ಲಿಲ್ಲ ಅಷ್ಟೆ.

ಇಂಗ್ಲೆಂಡಿನ ಮ್ಯಾಂಚೆಸ್ಟರಲ್ಲಿ ಐರೀನ್ ಯೂಯಿಂಗ್, ಅಲೆಕ್ಸಾಂಡರ್ ಯೂಯಿಂಗ್ ಅಂತ ಗಂಡ ಹೆಂಡತಿ ಇದ್ರು. ಕಿವುಡು ಮಕ್ಕಳಿಗೆ ಪಾಠ ಹೇಳಿಕೊಡೋ ಕೆಲಸ. ಎಳೇ ಮಕ್ಕಳ ಕಿವುಡು ಪತ್ತೆ ಮಾಡೋ ರೀತೀನ 1944ರಲ್ಲಿ, ಯುದ್ಧದ ನಡುವೆ, ಪ್ರಕಟಿಸಿದ್ರು. ಅವರ ಸಾಮಾನಿನ ಪಟ್ಟಿ ಕೇಳಿದ್ರೆ ನಿಮಗೆ ಖುಷಿಯಾಗುತ್ತೆ. ಎಲ್ಲಾ ಅಡುಗೆಮನೆಯದ್ದೇ. ಬಟ್ಟಲ ಅಂಚಿಗೆ ಚಮಚ ಸವರೋದು, ತೆಳು ಕಾಗದ ಮುದುರೋದು, ಗಿಲಕಿ ಅಲ್ಲಾಡಿಸೋದು. ಅಂದ್ರೆ ನಮ್ಮಜ್ಜಿಗೂ ಅವರಿಗೂ ಸಾಮಾನಿನಲ್ಲಿ ವ್ಯತ್ಯಾಸ ಇಲ್ಲ. ಇರೋದು ಕಟ್ಟುನಿಟ್ಟಿನಲ್ಲಿ. ಸದ್ದು ಮೆಲ್ಲಗೇ ಇರ್ಬೇಕು, ಕಿವಿ ಮಟ್ಟದಲ್ಲೇ ಇರ್ಬೇಕು, ಮಗೂಗೆ ಕಾಣದ ಜಾಗದಿಂದ ಬರ್ಬೇಕು. ಸದ್ದು ಮಾಡೋರ ನೆರಳು ಬೀಳ್ಬಾರ್ದು, ಬಳೆ ಸದ್ದಾಗ್ಬಾರ್ದು, ಸೆಂಟಿನ ವಾಸನೆ ಕೂಡಾ ಬರ್ಬಾರ್ದು. ಎದುರಿಗೆ ಕೂತವರು ಸಾಮಾನು ತೋರಿಸಿ ಗಮನ ಸೆಳೆದು, ತಟಕ್ಕನೆ ಮುಚ್ಚಿಟ್ಟು, ಸುಮ್ಮನಿರ್ಬೇಕು. ಆ ಖಾಲಿ ಗಳಿಗೇಲಿ ಸದ್ದು. ಮಧ್ಯೆ ಮಧ್ಯೆ ಸದ್ದೇ ಮಾಡದೆ ನೋಡಬೇಕು, ಆಗಲೂ ತಿರುಗಿದ್ರೆ ಅದು ಕಿವಿಯಿಂದಲ್ಲ ಅಂತ ಗೊತ್ತಾಗುತ್ತೆ. ಈ ಕೊನೇದೇ ನನಗೆ ಬಹಳ ಹಿಡಿಸಿದ್ದು. ತಟ್ಟೆ ಬಡೀದೇ ನಿಂತು ನೋಡೋ ಬುದ್ಧಿ ನಮ್ಮನೇಲಿ ಒಬ್ಬರಿಗೂ ಬರ್ಲಿಲ್ಲ! ಇಂಗ್ಲೆಂಡಲ್ಲಿ ಎಷ್ಟೋ ವರ್ಷ ಏಳರಿಂದ ಒಂಬತ್ತು ತಿಂಗಳ ಮಕ್ಕಳಿಗೆಲ್ಲಾ ಈ ಪರೀಕ್ಷೆ ಮಾಡ್ತಿದ್ರು.

ಕೇಳಿಸುತ್ತಾ ಇಲ್ವಾ ಅನ್ನೋದು ಒಂದು ಪ್ರಶ್ನೆ ಆಯ್ತು. ಕೇಳಿಸಿದ್ದರಲ್ಲಿ ಮಗೂಗೆ ಏನು ಗೊತ್ತಾಗುತ್ತೆ ಅನ್ನೋದು ಇನ್ನೊಂದು. ಅದಕ್ಕೆ ತಲೆ ತಿರುಗಿಸೋ ವಯಸ್ಸಿನವರೆಗೂ ಕಾಯ್ಬೇಕಾ? ಒಂದು ತಿಂಗಳ ಮಗು ಇಷ್ಟಪಟ್ಟು ಮಾಡೋ ಕೆಲಸ ಒಂದೇ, ಚೀಪೋದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಐಮಾಸ್ ಮತ್ತು ಜೊತೆಯವರು ಅದನ್ನೇ ಹಿಡಿದ್ರು. ರಬ್ಬರ್ ನಿಪ್ಪಲ್ಲಿಗೆ ಒತ್ತಡ ಅಳೆಯೋ ಯಂತ್ರ ಸಿಕ್ಕಿಸಿದ್ರು. ಮಗು ಜೋರಾಗಿ ಚೀಪಿದ್ರೆ 'ಬ' ಅಂತ ಕೇಳಿಸುತ್ತೆ. ಮಗೂಗೆ ಗುಟ್ಟು ಗೊತ್ತಾಯ್ತು, ಚೀಪಿ ಚೀಪಿ ಕೇಳ್ತು. ಆಮೇಲೆ ಬೇಜಾರಾಗಿ ಚೀಪೋದು ಕಮ್ಮಿ ಆಯ್ತು. ಆಗ ಸದ್ದನ್ನ 'ಪ' ಅಂತ ಬದಲಾಯಿಸಿದ್ರು. ಮಗು ಮತ್ತೆ ಚುರುಕಾಗಿ ಚೀಪೋಕೆ ಶುರು ಮಾಡ್ತು. ಅಂದ್ರೆ, ಇದು ಬೇರೆ ಅಂತ ಅದಕ್ಕೆ ಗೊತ್ತಾಯ್ತು. ಇನ್ನು ಕೆಲವು ಮಕ್ಕಳಿಗೆ ಹಳೇ ಸದ್ದನ್ನೇ ಮುಂದುವರಿಸಿದ್ರು, ಅವು ಚುರುಕಾಗ್ಲಿಲ್ಲ. ಇದು 1971ರಲ್ಲಿ ಪ್ರಕಟ ಆಯ್ತು. ಒಂದು ತಿಂಗಳ ಕೂಸುಗಳು, ನಾಲ್ಕು ತಿಂಗಳ ಕೂಸುಗಳು, ಎರಡೂ ಹೀಗೇ ಉತ್ತರ ಕೊಟ್ಟಿದ್ವು.

ಬ, ಪ ಎರಡಕ್ಕೂ ತುಟಿ ಒಂದೇ ಥರ ಬಿಚ್ಚುತ್ತೆ. ಗಂಟಲು ನಡುಗೋದು ಎಷ್ಟು ತಡವಾಗುತ್ತೆ ಅನ್ನೋದರಲ್ಲಿ ವ್ಯತ್ಯಾಸ. ಐಮಾಸ್ ಅವರು ಬದಲಾಯಿಸಿದ್ದು ಸೆಕೆಂಡಿನ ಐವತ್ತನೇ ಒಂದು ಪಾಲು. ಅದೇ ಐವತ್ತನೇ ಒಂದು ಪಾಲನ್ನ 'ಪ' ಒಳಗೇ ಹೆಚ್ಚುಕಮ್ಮಿ ಮಾಡಿದ್ರೆ ಮಕ್ಕಳು ಲೆಕ್ಕಕ್ಕೇ ತಗೊಳ್ಲಿಲ್ಲ. ಬ ಕಡೆಯಿಂದ ಪ ಕಡೆಗೆ ದಾಟಿದ್ರೆ ಮಾತ್ರ ಎಚ್ಚರ. ಅಕ್ಷರಮಾಲೆ ಬರೆಸೋಕೆ ಇನ್ನೂ ನಾಲ್ಕೈದು ವರ್ಷ ಇರೋ ಕೂಸು, ಆಗಲೇ ಗೆರೆ ಎಳೆದು ಕೂತಿರುತ್ತೆ ನೋಡಿ.

ಅದೇ ಚೀಪೋ ಉಪಾಯ ಇಟ್ಕೊಂಡು ಆಂಥೊನಿ ಡಿಕ್ಯಾಸ್ಪರ್ ಅನ್ನೋರು 1980ರಲ್ಲಿ ಮೂರು ದಿನದೊಳಗಿನ ಮಕ್ಕಳನ್ನ ಕೇಳಿದ್ರು, ನಿಮ್ಮಮ್ಮನ ದನಿ ಬೇಕಾ, ಬೇರೆ ಹೆಂಗಸಿನ ದನಿ ಬೇಕಾ ಅಂತ. ಒಂದು ಲಯದಲ್ಲಿ ಚೀಪಿದ್ರೆ ಅಮ್ಮ, ಇನ್ನೊಂದರಲ್ಲಿ ಚೀಪಿದ್ರೆ ಬೇರೆಯವರು. ಮಕ್ಕಳು ಅಮ್ಮನ ಲಯ ಕಲಿತ್ಕೊಂಡ್ವು. 1986ರಲ್ಲಿ ಇನ್ನೂ ಮುಂದಕ್ಕೆ ಹೋದ್ರು. ಬಸುರಿಯರು ಕೊನೇ ಆರು ವಾರ ದಿನಕ್ಕೆ ಎರಡು ಸಲ ಒಂದೇ ಮಕ್ಕಳ ಕಥೇನ ಗಟ್ಟಿಯಾಗಿ ಓದಿದ್ರು. ಹುಟ್ಟಿದ ಮೇಲೆ ಮಕ್ಕಳು ಆ ಕಥೇನೇ ಆರಿಸ್ಕೊಂಡ್ವು, ಬೇರೆಯವರು ಓದಿದ್ರೂ ಸಹ. ಇದನ್ನ ಹೇಳಿದ ತಕ್ಷಣ ನಮ್ಮಲ್ಲಿ ಎಲ್ರೂ "ಅಭಿಮನ್ಯು!" ಅಂತಾರೆ. ನಿಲ್ಲಿ ನಿಲ್ಲಿ. ಮಗೂಗೆ ಹಿಡಿದಿದ್ದು ಕಥೆಯ ಏರಿಳಿತ, ರಾಗ. ಚಕ್ರವ್ಯೂಹದ ನಕ್ಷೆ ಅಲ್ಲ. ಗರ್ಭದಲ್ಲಿ ನೀರೊಳಗಿನಿಂದ ಕೇಳಿದ ಹಾಗೆ ಮಾತಿನ ಧಾಟಿ ಮಾತ್ರ ದಾಟಿ ಬರುತ್ತೆ. ಆ ಧಾಟಿ ಅಳುವಿನಲ್ಲೂ ಇಳಿಯುತ್ತಂತೆ. 2009ರಲ್ಲಿ ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ಮತ್ತು ಜೊತೆಯವರು ಮೂವತ್ತು ಫ್ರೆಂಚ್ ಕೂಸು, ಮೂವತ್ತು ಜರ್ಮನ್ ಕೂಸುಗಳ ಅಳು ಅಳೆದ್ರು. ಫ್ರೆಂಚ್ ಮಕ್ಕಳ ಅಳು ಹೆಚ್ಚಾಗಿ ಮೇಲಕ್ಕೇರುತ್ತೆ, ಜರ್ಮನ್ ಮಕ್ಕಳದ್ದು ಕೆಳಕ್ಕಿಳಿಯುತ್ತೆ. ನಮ್ಮ ಪೇಟೆ ಕೂಸು ಯಾವ ರಾಗದಲ್ಲಿ ಅಳಬೇಕೋ ಪಾಪ. ಮನೇಲಿ ಕನ್ನಡ, ಕೆಳಗಡೆ ಅಂಗಡೀಲಿ ಮಾರ್ವಾಡಿ, ಎದುರುಮನೇಲಿ ತೆಲುಗು, ಹೂವಿನವಳದ್ದು ತಮಿಳು. ತಮಾಷೆಗೆ ಹೇಳಿದ್ದಲ್ಲ. ಬಸುರೀಲಿ ಎರಡು ಭಾಷೆ ಆಡಿದ ತಾಯಂದಿರ ಮಕ್ಕಳು ಹುಟ್ಟಿದ ಕೂಡ್ಲೇ ಎರಡಕ್ಕೂ ಕಿವಿಗೊಡ್ತವೆ ಅಂತ 2010ರಲ್ಲಿ ಕೆನಡಾದಲ್ಲಿ ನೋಡಿದಾರೆ. ಹಾಗಾಗಿ, ಎರಡು ಮೂರು ಭಾಷೆ ಬಿದ್ರೆ ಮಗು ಗೊಂದಲ ಆಗುತ್ತೆ ಅಂತ ಸೊಸೆಯಂದಿರನ್ನ ಹೆದರಿಸ್ಬೇಡಿ.

ಈಗ ನಮ್ಮ ಕನ್ನಡದ ಕಿವಿಗೇ ಸಂಬಂಧಪಟ್ಟ ವಿಷಯ. ಟ ಮತ್ತು ತ. ನಮಗೆ ಹಗಲು ರಾತ್ರಿಯಷ್ಟು ಬೇರೆ. ತಟ್ಟೆ ಅನ್ನೋ ಒಂದೇ ಪದದಲ್ಲಿ ಎರಡೂ ಇದೆ. ಇಂಗ್ಲಿಷಿನವರ ಕಿವಿಗೆ ಎರಡೂ ಒಂದೇ. ಕೆನಡಾದ ಜಾನೆಟ್ ವೆರ್ಕರ್ ಅನ್ನೋರು ರಿಚರ್ಡ್ ಟೀಸ್ ಜೊತೆ ಸೇರಿ ಹಿಂದಿಯ ಟ-ತ ಇಟ್ಕೊಂಡು ಇಂಗ್ಲಿಷ್ ಮನೆಯ ಕೂಸುಗಳನ್ನ ನೋಡಿದ್ರು. 1984ರಲ್ಲಿ ಪ್ರಕಟ ಆಯ್ತು. ರೀತಿ ಹೀಗೆ. ಮಗು ತಾಯಿ ತೊಡೆ ಮೇಲೆ. ಸ್ಪೀಕರಲ್ಲಿ ತ ತ ತ ಅಂತ ಬರ್ತಾ ಇರುತ್ತೆ. ಟ ಬಂದ ಕೂಡ್ಲೇ ತಲೆ ತಿರುಗಿಸಿದ್ರೆ ಕಪ್ಪು ಗಾಜಿನ ಪೆಟ್ಟಿಗೇಲಿ ದೀಪ ಹತ್ತಿ, ಒಳಗಿರೋ ಬೊಂಬೆ ಪ್ರಾಣಿ ಆಡುತ್ತೆ. ಮಗೂಗೆ ಅದೇ ಬಹುಮಾನ. ತಾಯಿ ಕಿವಿಗೆ ಹೆಡ್‌ಫೋನ್ ಹಾಕಿ ಹಾಡು ಹಾಕಿರ್ತಾರೆ. ಯಾಕೆ ಹೇಳಿ? ಟ ಬಂದಾಗ ಅಮ್ಮನ ತೊಡೆ ಒಂಚೂರು ಬಿಗಿಯಾದ್ರೂ ಮಗೂಗೆ ಗೊತ್ತಾಗಿಬಿಡುತ್ತೆ. ಮೈಸೂರಲ್ಲಿ ಚಿಕ್ಕಮ್ಮನಿಗೆ ಉಸಿರು ಬಿಗಿಹಿಡೀಬೇಡಿ ಅಂದಿದ್ದೂ ಅದಕ್ಕೇ.

ಆರರಿಂದ ಎಂಟು ತಿಂಗಳ ಇಂಗ್ಲಿಷ್ ಕೂಸುಗಳು ಹೆಚ್ಚುಕಡಿಮೆ ಎಲ್ಲವೂ ಟ-ತ ಕಂಡುಹಿಡಿದ್ವು. ಅವುಗಳ ಅಪ್ಪ ಅಮ್ಮಂದಿರ ಕೈಲಿ ಆಗದಿದ್ದದ್ದು! ಹತ್ತರಿಂದ ಹನ್ನೆರಡು ತಿಂಗಳಿಗೆ ಬಂದಾಗ ಕೆಲವೇ ಕೆಲವು. ಹಿಂದಿ ಮನೆಯ ಕೂಸುಗಳಿಗೆ ಮಾತ್ರ ಹನ್ನೊಂದು ಹನ್ನೆರಡು ತಿಂಗಳಲ್ಲೂ ಕಷ್ಟ ಇರ್ಲಿಲ್ಲ. ಅಂದ್ರೆ ಮಗು ಅಮ್ಮ ಅನ್ನೋದಕ್ಕೂ ಮುಂಚೇನೇ ತನ್ನ ಮನೆ ಸದ್ದು ಯಾವುದು, ಬೇಡದ್ದು ಯಾವುದು ಅಂತ ಕೇರಿಬಿಟ್ಟಿರುತ್ತೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ.

ಇದನ್ನ ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಕೂತಿದ್ದೆ. ಮಾತು ತಡ, ಕಾಯೋಣ ಅಂತ ನಾವು ಮೂರು ವರ್ಷ ಕಾದ್ವಲ್ಲ. ಮಾತಾಡದಿದ್ರೂ ಮಕ್ಕಳು ಆ ಮೊದಲನೇ ವರ್ಷವೆಲ್ಲಾ ಒಳಗೆ ಎಷ್ಟು ಕೆಲಸ ಮಾಡ್ತಿರ್ತಾವೆ. ಪುಟ್ಟನ ಮೊರಕ್ಕೆ ನಾವು ಅಕ್ಕಿಯನ್ನೇ ಹಾಕಿರ್ಲಿಲ್ಲ.

ಹೊರದೇಶದಲ್ಲಿ ಮೊಮ್ಮಕ್ಕಳಿರೋರು ಕೇಳ್ತೀರ, ನಾವು ಆರು ತಿಂಗಳು ಹೋಗಿ ಬಾಣಂತನ ಮಾಡಿ ಕನ್ನಡದಲ್ಲಿ ಆಡಿಸಿ ಬಂದ್ವಿ, ಈಗ ಬರೀ ಇಂಗ್ಲಿಷು, ಎಲ್ಲಾ ನೀರಲ್ಲಿ ಹೋಮ ಆಯ್ತಾ ಅಂತ. ಪೂರ್ತಿ ಆಗಿಲ್ಲ. ಟೀಸ್ ಮತ್ತು ವೆರ್ಕರ್ ಅವರೇ ಅದೇ 1984ರಲ್ಲಿ ಇನ್ನೊಂದು ಲೇಖನ ಬರೆದ್ರು. ಎಳವೆಯಲ್ಲಿ ಹಿಂದಿ ಕೇಳಿ ಆಮೇಲೆ ಬಿಟ್ಟುಹೋಗಿದ್ದ ದೊಡ್ಡವರು, ಹಿಂದಿ ಕ್ಲಾಸಿಗೆ ಸೇರಿದಾಗ ಟ-ತ ಬೇಗ ಹಿಡಿದ್ರು, ಎಂದೂ ಕೇಳದವರಿಗೆ ಅಷ್ಟು ಸುಲಭ ಆಗ್ಲಿಲ್ಲ. 2011ರಲ್ಲಿ ಲೆಹೆರ್ ಸಿಂಗ್ ಮತ್ತು ಜೊತೆಯವರು ಭಾರತದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳನ್ನ ನೋಡಿದ್ರು. ಆ ಮಕ್ಕಳಿಗೆ ಮೊದಲು ಟ-ತ ಗೊತ್ತಾಗ್ಲೇ ಇಲ್ಲ. ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿದ್ರೆ, ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಆಗದೇ ಇದ್ದದ್ದು ಇವರಿಗೆ ಆಯ್ತು. ಯಾವ ತಾಯಿ, ಯಾವ ಆಯಾ ಆಡಿದ ಮಾತೋ, ಎಲ್ಲೋ ತಳದಲ್ಲಿ ಕೂತಿತ್ತು.

ಪದ ಬಿಡಿಸೋ ವಿಷಯವೂ ಹೀಗೇ ಬೆರಗು. ನಾವು ಮಾತಾಡೋವಾಗ ಪದಗಳ ಮಧ್ಯೆ ಜಾಗ ಬಿಡ್ತೀವಾ? "ಬಂದ್ಬಿಡ್ತೀನ್ತಾಳಮ್ಮ" ಅಂತೀವಿ, ಎಲ್ಲಾ ಒಂದೇ ದಾರ. ಮಗೂಗೆ ಎಲ್ಲಿ ಕತ್ತರಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ? 1996ರಲ್ಲಿ ಜೆನಿ ಸಾಫ್ರಾನ್ ಮತ್ತು ಜೊತೆಯವರು ಎಂಟು ತಿಂಗಳ ಮಕ್ಕಳಿಗೆ ಅರ್ಥವೇ ಇಲ್ಲದ ಮೂರು ಮೂರು ಅಕ್ಷರದ ಪದಗಳನ್ನ ನಿಲ್ಲಿಸದೆ ಸಾಲಾಗಿ ಕೇಳಿಸಿದ್ರು, ಎರಡೇ ನಿಮಿಷ. ಯಾವ ಅಕ್ಷರದ ಹಿಂದೆ ಯಾವುದು ತಪ್ಪದೆ ಬರುತ್ತೆ, ಯಾವುದು ಆಗೊಮ್ಮೆ ಈಗೊಮ್ಮೆ ಬರುತ್ತೆ ಅನ್ನೋದೊಂದೇ ಸುಳಿವು. ಆಮೇಲೆ ಪದಗಳನ್ನೂ ಪದದ ಚೂರು ಸೇರಿಸಿ ಮಾಡಿದ್ದನ್ನೂ ಕೇಳಿಸಿದ್ರೆ, ಮಕ್ಕಳು ಹೊಸದಾಗಿ ಕಂಡ ಚೂರುಗಳನ್ನೇ ಹೆಚ್ಚು ಹೊತ್ತು ಕೇಳಿದ್ವು. ಪದ ಆಗಲೇ ಹಳೇದಾಗಿತ್ತು ಅವಕ್ಕೆ. ಎರಡು ನಿಮಿಷ ಕಣ್ರೇ! ನಾವು ಅಷ್ಟು ಹೊತ್ತಿಗೆ ಹಾಲು ಉಕ್ಕಿಸಿರ್ತೀವಿ.

ಹಾಗಂತ ಟಿ.ವಿ. ಹಾಕಿ ಕೂರಿಸಿದ್ರೆ ಆಗುತ್ತಾ ಅಂದ್ರೆ, ಇಲ್ಲ. ಸಿಯಾಟಲ್‌ನ ಪ್ಯಾಟ್ರೀಷಿಯಾ ಕೂಲ್ 2003ರಲ್ಲಿ ತೋರಿಸಿದ್ದು ಅದನ್ನೇ. ಒಂಬತ್ತು ತಿಂಗಳ ಅಮೆರಿಕದ ಮಕ್ಕಳ ಜೊತೆ ಚೀನೀ ಭಾಷೆಯವರು ಹನ್ನೆರಡು ಸಲ ನೆಲದ ಮೇಲೆ ಕೂತು ಆಡಿದ್ರು, ಪುಸ್ತಕ ಓದಿದ್ರು. ಆ ಮಕ್ಕಳು ಚೀನೀ ಸದ್ದು ಕಲಿತ್ವು. ಅದೇ ಜನರ ಅದೇ ಮಾತನ್ನ ಟಿ.ವಿ.ಯಲ್ಲಿ ತೋರಿಸಿದ ಮಕ್ಕಳು ಕಲೀಲಿಲ್ಲ. ವಿಡಿಯೋ ಕಾಲ್ ಅಜ್ಜಿಯರು ಬೇಜಾರಾಗ್ಬೇಡಿ. ಮಗು ಏನಂದ್ರೂ ಅದಕ್ಕೆ ತಿರುಗಿ ಮಾತಾಡೋ ವಿಡಿಯೋ ಕಾಲಲ್ಲಿ ಎರಡು ವರ್ಷದ ಮೇಲಿನ ಮಕ್ಕಳು ಹೊಸ ಪದ ಕಲೀತಾವೆ ಅಂತ 2014ರಲ್ಲಿ ಗೊತ್ತಾಗಿದೆ. ಫೋನ್ ಹಿಡಿದು ನೀವೇ ಒಂದು ಗಂಟೆ ಮಾತಾಡ್ಬೇಡಿ, ಅಷ್ಟೇ.

ಮಮ್ಮು, ತಾಚಿ, ಚಾಮಿ, ಜೀಜಿ ಅಂತ ನಾವು ಆಡೋ ಮಾತು ದಡ್ಡತನ ಅಂತ ನಗೋ ಗಂಡಸರಿದಾರಲ್ಲ, ಅವರಿಗೊಂದು ಮಾತು. ನಮ್ಮ ಭಾಷಾಶಾಸ್ತ್ರಿ ಡಿ.ಎನ್. ಶಂಕರ ಭಟ್ಟರು 1967ರಷ್ಟು ಹಿಂದೇನೇ ಮಕ್ಕಳ ಜೊತೆ ಆಡೋ ಪದಗಳ ಮೇಲೆ ಲೇಖನ ಬರೆದಿದ್ರು. 1985ರಲ್ಲಿ ಆನ್ ಫರ್ನಾಲ್ಡ್ ನಾಲ್ಕು ತಿಂಗಳ ಮಕ್ಕಳಿಗೆ ಎರಡು ಥರದ ಮಾತು ಕೇಳಿಸಿದಾಗ, ದೊಡ್ಡವರು ದೊಡ್ಡವರ ಜೊತೆ ಆಡೋ ಮಾತಿಗಿಂತ ಎಳೆದೆಳೆದು ಏರಿಸಿ ಇಳಿಸಿ ಮಗೂಗೆ ಆಡೋ ಮಾತಿನ ಕಡೆಗೇ ಮಕ್ಕಳು ಹೆಚ್ಚು ತಿರುಗಿದ್ವು.

ಕಿವಿ ಪರೀಕ್ಷೆಗೆ ವಾಪಸ್ ಬರ್ತೀನಿ. ಆ ಹುಡುಗಿಗೆ ಆಸ್ಪತ್ರೆಯವರು ಬರೆದುಕೊಟ್ಟಿದ್ದು ಯಾವ ಗಿಲಕಿಯೂ ಬೇಡದ ಪರೀಕ್ಷೆ. ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಒಂದು ವಿಚಿತ್ರ ಕಂಡುಹಿಡಿದ್ರು. ಚೆನ್ನಾಗಿರೋ ಕಿವಿಗೆ ಟಿಕ್ ಅಂತ ಸದ್ದು ಕಳಿಸಿದ್ರೆ, ಒಳಗಿವಿ ತಾನೇ ಒಂದು ಬಹಳ ಸಣ್ಣ ಸದ್ದನ್ನ ವಾಪಸ್ ಕಳಿಸುತ್ತೆ. ಮಗು ನಿದ್ದೆ ಮಾಡ್ತಿರ್ಬೇಕು, ಕಿವಿಗೆ ಒಂದು ಮೆತ್ತನೆ ಬಿರಡೆ ಇಡ್ತಾರೆ, ಕೆಲವೇ ನಿಮಿಷ. ನೋವಿಲ್ಲ, ಸೂಜಿ ಇಲ್ಲ. ಉತ್ತರ ಕೊಡೋದು ಕಿವಿಯೇ. ಬೆಚ್ತಾ, ತಿರುಗ್ತಾ ಅಂತ ನಾವು ಅರ್ಥ ಕಟ್ಟೋ ಹಾಗೇ ಇಲ್ಲ. ಇದು ಸರಿ ಬರ್ಲಿಲ್ಲ ಅಂದ್ರೆ ಬೆರಾ ಅಂತ ಇನ್ನೊಂದು ಮಾಡ್ತಾರೆ, ತಲೆಗೆ ತಂತಿ ಅಂಟಿಸಿ ಸದ್ದು ಮಿದುಳಿನವರೆಗೂ ಹೋಯ್ತಾ ಅಂತ ನೋಡೋದು. ಮೊದಲನೇ ಸಲ ಸರಿ ಬರ್ಲಿಲ್ಲ ಅಂದ ಕೂಡ್ಲೇ ಕಿವುಡು ಅಂತಲ್ಲ. ಹೊಸ ಕೂಸಿನ ಕಿವೀಲಿ ನೀರು, ಕಸ ಇದ್ರೂ ಹಾಗಾಗುತ್ತೆ. ಸರಿ ಬಂತು ಅಂದ್ರೂ ಮುಂದೆ ಎಂದೂ ತೊಂದರೆ ಬರಲ್ಲ ಅಂತಲ್ಲ, ಕಾಯಿಲೆಯಿಂದ ಆಮೇಲೆ ಕಿವಿ ಹೋಗಬಹುದು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಗಟ್ಟಿ ಮಾಡ್ಕೊಳ್ಳೋದು, ಆರು ತಿಂಗಳೊಳಗೆ ಮಿಷನ್ನೋ ತರಬೇತಿಯೋ ಶುರು, ಇದು ಡಾಕ್ಟ್ರುಗಳ ಲೆಕ್ಕ. ಆರು ತಿಂಗಳು ಸುಮ್ಮನೆ ಬಂದ ಅಂಕಿಯಲ್ಲ. 1998ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ನೋಡಿದಾಗ, ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದ ಮಕ್ಕಳಿಗಿಂತ ಎಷ್ಟೋ ಮುಂದಿತ್ತು. ನಮ್ಮಲ್ಲೂ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಕಿವಿ ನೋಡೋದೂ ಸೇರಿದೆ.

ಪುಟ್ಟನಿಗೆ ಎದೆಗೆ ಕಟ್ಟೋ ದೊಡ್ಡ ಮಿಷನ್ ಹಾಕಿದ್ರು, ಅಂಗಿ ಒಳಗೆ ಬೆಂಕಿಪೊಟ್ಟಣ ಇಟ್ಟ ಹಾಗೆ ಕಾಣ್ತಿತ್ತು. ಚಿಕ್ಕಮ್ಮ ಮೈಸೂರಲ್ಲೇ ಒಂದು ಕೋಣೆ ಬಾಡಿಗೆ ಹಿಡಿದು ಎರಡು ವರ್ಷ ಇದ್ರು. ದಿನಾ ಮಗನ ಜೊತೆ ತಾವೂ ಕೂತು ಕಲಿತು, ಮನೆಗೆ ಬಂದು ಸೌಟು, ತಟ್ಟೆ, ಲೋಟ ಒಂದೊಂದನ್ನೂ ತೋರಿಸಿ ಹೆಸರು ಹೇಳಿ ಹೇಳಿ ಕಲಿಸಿದ್ರು. ಆಗಿನವರು ಕೈಸನ್ನೆ ಬೇಡ, ಮಾಡಿದ್ರೆ ಮಾತು ಬರಲ್ಲ ಅಂತಿದ್ರು, ಚಿಕ್ಕಮ್ಮ ಕೈ ಕಟ್ಟಿ ಕೂತ್ಕೋತಿದ್ರಂತೆ. ಅದನ್ನ ಕೇಳಿದ್ರೆ ಈಗ ಹೊಟ್ಟೆ ಉರಿಯುತ್ತೆ. ಕಿವುಡು ತಂದೆತಾಯಿಯ ಮನೇಲಿ ಸನ್ನೆ ನೋಡಿ ಬೆಳೆದ ಕೂಸುಗಳು ಬೆರಳಿನಲ್ಲೇ ತೊದಲ್ತಾವೆ ಅಂತ 1991ರಲ್ಲಿ ಕೆನಡಾದ ಲಾರಾ ಆನ್ ಪೆಟಿಟೊ ಬರೆದಿದಾರೆ. ಕಿವಿಯಿಂದ ಬರಲಿ, ಕಣ್ಣಿಂದ ಬರಲಿ, ಆ ಮೊದಲ ವರ್ಷಕ್ಕೆ ಭಾಷೆ ಬೇಕು. ಪುಟ್ಟ ಚೆನ್ನಾಗೇ ಇದಾನೆ. ಮಾತಾಡ್ತಾನೆ, ಮನೆಯವರಿಗೆ ಅರ್ಥ ಆಗುತ್ತೆ, ಹೊರಗಿನವರಿಗೆ ಎರಡು ಸಲ ಹೇಳ್ಬೇಕು. ಟ-ತ ಇವತ್ತಿಗೂ ಅವನಿಗೆ ತುಟಿ ನೋಡಿದ್ರೂ ಗೊತ್ತಾಗಲ್ಲ, ಎರಡೂ ಬಾಯೊಳಗೆ ನಾಲಿಗೆ ಮಾಡೋ ಕೆಲಸ ನೋಡಿ. ಚಿಕ್ಕಮ್ಮ ಹೋಗೋವರೆಗೂ "ಆ ಮೂರು ವರ್ಷ" ಅಂತ ಒಂದೇ ಪದ ಹೇಳಿ ನಿಲ್ಲಿಸಿಬಿಡ್ತಿದ್ರು.

ಮೇಲಿನ ಮನೆ ಅಜ್ಜಿ ಹತ್ರ ನಾನೇ ಹೋಗಿ ಪುಟ್ಟನ ಕಥೆ ಹೇಳ್ದೆ. ತಟ್ಟೆ ವಿಷಯ ಎತ್ತಲಿಲ್ಲ, ದೊಡ್ಡವರು, ಬೇಜಾರು ಮಾಡ್ಕೋತಾರೆ. ಪೂರ್ತಿ ಕೇಳಿಸ್ಕೊಂಡು, "ನೋವಾಗಲ್ಲ ತಾನೇ ಮಗೂಗೆ?" ಅಂದ್ರು. ಇಲ್ಲ ಅಂದ ಮೇಲೆ ಅವರೇ ಆಟೋ ಕರೆಸಿ ಬುಧವಾರ ಹೊರಟ್ರು, ನಾನೂ ಜೊತೆಗೆ ಹೋದೆ. ಮಗು ಮಲಗೋಕೆ ಒಂದೂವರೆ ಗಂಟೆ ಕಾದ್ವಿ. ಬಲಗಿವಿ ಸರಿ ಬಂತು. ಎಡಗಿವೀಲಿ ಸರಿಯಾಗಿ ಸಿಗ್ಲಿಲ್ಲ, ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದಿದಾರೆ. ಹುಡುಗಿ ದಾರಿಯುದ್ದಕ್ಕೂ ಸುಮ್ಮನಿದ್ಲು. ಅಜ್ಜಿ ಮಗೂನ ಎಡಗಿವಿ ಕಡೆಗೆ ಬಗ್ಗಿ ಏನೋ ಹೇಳ್ತಾನೇ ಇದ್ರು. ಮುಂದಿನ ಸಲಕ್ಕೂ ನಾನೇ ಬರ್ತೀನಿ ಅಂತ ಹೇಳಿದೀನಿ.